ಹಿತ್ತಲ ಮಾವು ಒಟ್ಟಿಗೇ ಹಣ್ಣಾದರೆ

ಪ್ರಶ್ನೆ: ಅಕ್ಕಾ, ನಮ್ಮ ಹಿತ್ತಲಲ್ಲಿ ಇರುವುದು ಒಂದೇ ಮಾವಿನ ಮರ. ಈ ವರ್ಷ ಎಲೆಗಿಂತ ಕಾಯಿಯೇ ಜಾಸ್ತಿ ಕಾಣಿಸುತ್ತಿದೆ. ಮಕ್ಕಳಿಬ್ಬರಿಗೂ ಬೇಸಿಗೆ ರಜೆ, ಇಡೀ ದಿನ ಮನೆಯಲ್ಲೇ ಇರುತ್ತಾರೆ. ಹಣ್ಣು ಬೀಳಲು ಶುರುವಾಯಿತೆಂದರೆ ಹತ್ತು ದಿನದಲ್ಲಿ ಎಲ್ಲಾ ಮುಗಿದುಹೋಗುತ್ತದೆ. ಹೋದ ಸಲ ಅರ್ಧಕ್ಕರ್ಧ ಕೊಳೆತು ಗೊಬ್ಬರದ ಗುಂಡಿ ಸೇರಿತು. ರಾತ್ರಿ ಹನ್ನೊಂದಾದರೂ ನಾನೊಬ್ಬಳೇ ಅಡುಗೆಮನೆಯಲ್ಲಿ ಹಣ್ಣು ಹೆಚ್ಚುತ್ತಾ ನಿಂತಿರುತ್ತಿದ್ದೆ. ಎಸೆಯಲು ಮನಸ್ಸು ಬರುವುದಿಲ್ಲ, ಎಲ್ಲವನ್ನೂ ಉಳಿಸಲು ಕೈ ಸಾಲುವುದಿಲ್ಲ. ಏನು ಮಾಡಲಿ?

ಉತ್ತರ: ರಾತ್ರಿ ಹನ್ನೊಂದರ ಮಾತು ಓದಿ ಸಂಕಟವಾಯಿತು. ನಾನೂ ಹಾಗೇ ನಿಂತವಳು. ನಮ್ಮ ಹಿತ್ತಲಲ್ಲೂ ಒಂದು ಮರ ಇದೆ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾಲ್ಕೈದು ಬೇಸಿಗೆ, ಹಣ್ಣು ತಾನಾಗಿ ಬೀಳಲಿ ಎಂದು ಕಾಯುತ್ತಿದ್ದೆವು. ಬಿದ್ದ ಹಣ್ಣು ಒಂದು ಮಗ್ಗುಲು ಜಜ್ಜಿರುತ್ತದೆ. ಅಳಿಲು ಕಚ್ಚಿದ್ದು, ಬಾವಲಿ ಚೀಪಿದ್ದು ಬೇರೆ. ಅಂಥ ಹಣ್ಣು ನಾಳೆಯವರೆಗೆ ಕಾಯುವುದಿಲ್ಲ. ಅದು ಹೇಳಿದ ಹೊತ್ತಿಗೆ ನಾವು ಕೆಲಸ ಮಾಡಬೇಕಾಗುತ್ತದೆ.

ನನಗೆ ತಡವಾಗಿ ತಿಳಿದ ವಿಷಯ ಒಂದೇ. ಹಣ್ಣು ಜಾಸ್ತಿ ಆಗಿದ್ದು ತೊಂದರೆ ಅಲ್ಲ, ಒಟ್ಟಿಗೇ ಆಗಿದ್ದು ತೊಂದರೆ. ಮಾವು ಕೊಯ್ದ ಮೇಲೂ ಹಣ್ಣಾಗುವ ಜಾತಿ. ಮರದ ಮೇಲೆ ಚೆನ್ನಾಗಿ ಬಲಿತಿದ್ದರೆ ಸಾಕು, ಉಳಿದದ್ದು ಮನೆಯೊಳಗೆ ಆಗುತ್ತದೆ. ಹಾಗಾಗಿ ಬೀಳುವವರೆಗೆ ಕಾಯಬೇಡಿ. ಬಲಿತದ್ದನ್ನು ನೋಡಿ ನೋಡಿ ಮೂರು ನಾಲ್ಕು ಸಲಕ್ಕೆ ಕೊಯ್ಯಿರಿ, ಒಂದೊಂದು ಕೊಯ್ಲಿನ ನಡುವೆ ಐದಾರು ದಿನ ಬಿಡಿ. ಮರ ಒಂದೇ ಆದರೂ ಹೂ ಬಿಡುವುದು ಹಿಂದೆ ಮುಂದೆ. ಬಿಸಿಲು ಬೀಳುವ ಕೊಂಬೆಯ ಕಾಯಿ ಸಾಮಾನ್ಯವಾಗಿ ಮೊದಲು ಬಲಿಯುತ್ತದೆ, ನೆರಳಿನದು ಆಮೇಲೆ. ಮರವೇ ಅರ್ಧ ಕೆಲಸ ಹಂಚಿಕೊಟ್ಟಿರುತ್ತದೆ, ಅಲ್ವಾ?

ಬಲಿತಿದೆಯೋ ಇಲ್ಲವೋ ತಿಳಿಯಲು ತೊಟ್ಟಿನ ಹತ್ತಿರ ನೋಡಿ. ಎಳೆಕಾಯಿಯಲ್ಲಿ ತೊಟ್ಟಿನ ಎರಡೂ ಕಡೆ ಭುಜ ಇಳಿಜಾರಾಗಿರುತ್ತದೆ. ಬಲಿತ ಕಾಯಿಯಲ್ಲಿ ಭುಜ ತುಂಬಿಕೊಂಡು ತೊಟ್ಟಿಗಿಂತ ಮೇಲೆ ಬಂದಿರುತ್ತದೆ, ತೊಟ್ಟು ಗುಳಿಯಲ್ಲಿ ಕೂತಂತೆ ಕಾಣುತ್ತದೆ. ಕಡುಹಸಿರು ಸ್ವಲ್ಪ ತಿಳಿಯಾಗಿರುತ್ತದೆ. ಅನುಮಾನ ಇದ್ದರೆ ಬಕೆಟ್ ನೀರಿಗೆ ಹಾಕಿ. ಬಲಿತದ್ದು ಸಾಮಾನ್ಯವಾಗಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಇನ್ನೂ ನಂಬಿಕೆ ಬಾರದಿದ್ದರೆ ಒಂದು ಕಾಯಿಯನ್ನು ಕತ್ತರಿಸಿಬಿಡಿ. ಗೊರಟಿನ ಸುತ್ತ ತಿರುಳು ಹಳದಿಗೆ ತಿರುಗಿದ್ದರೆ ಆ ಕೊಂಬೆ ಕೊಯ್ಲಿಗೆ ಬಂದಿದೆ.

ಕೊಯ್ಯುವುದು ಬೆಳ್ಳಂಬೆಳಗ್ಗೆ ಬೇಡ, ಆಗ ಸೊನೆ ಜೋರಾಗಿ ಚಿಮ್ಮುತ್ತದೆ. ಹತ್ತು ಗಂಟೆ ದಾಟಲಿ. ಉದ್ದ ಕೋಲಿನ ತುದಿಗೆ ಬಲೆ ಕಟ್ಟಿ, ನಾಲ್ಕು ಬೆರಳು ತೊಟ್ಟು ಉಳಿಸಿಕೊಂಡು ಇಳಿಸಿ. ಕೆಳಗೆ ಬಂದ ಮೇಲೆ ಮುಖದಿಂದ ದೂರ ಹಿಡಿದು ತೊಟ್ಟು ಮುರಿಯಿರಿ. ಪಳಕ್ಕನೆ ನೀರಿನಂಥ ಸೊನೆ ಹಾರುತ್ತದೆ. ಆಮೇಲೆ ಮಂದವಾಗಿ, ಹನಿ ಹನಿಯಾಗಿ ಇಳಿಯುತ್ತದೆ. ಕಾಯಿಯನ್ನು ತಲೆಕೆಳಗೆ ಮಾಡಿ ಜಾಲರಿಯ ಮೇಲೆ ಒಂದೆರಡು ಗಂಟೆ ಇಡಿ. ಸೊನೆ ಸಿಪ್ಪೆಯ ಮೇಲೆ ಹರಿದರೆ ಆ ಜಾಗ ಸುಟ್ಟಂತೆ ಕಪ್ಪಾಗುತ್ತದೆ, ಕೊಳೆಯುವುದೂ ಅಲ್ಲಿಂದಲೇ ಶುರು. ಹೋದ ವರ್ಷ ನಿಮ್ಮ ಹಣ್ಣು ಅಷ್ಟು ಬೇಗ ಕೊಳೆಯಲು ಇದೂ ಒಂದು ಕಾರಣ ಇರಬಹುದು. ಸೊನೆ ಇಳಿದ ಮೇಲೆ ತೊಳೆದು, ಒರೆಸಿ, ನೀರಿನ ಪಸೆ ಇಲ್ಲದಂತೆ ಆರಿಸಿ.

ಇನ್ನು ಅಡೆ ಹಾಕುವುದು. ರಟ್ಟಿನ ಪೆಟ್ಟಿಗೆಗೆ ಕಾಗದ ಹಾಸಿ ಒಂದೇ ಸಾಲು ಜೋಡಿಸಿ, ಪೆಟ್ಟಿಗೆಯ ಮೇಲೆ ಕೊಯ್ದ ತಾರೀಕು ಬರೆಯಿರಿ. ಬೇಗ ಹಣ್ಣಾಗಬೇಕಾದ ಪೆಟ್ಟಿಗೆಯಲ್ಲಿ ಎರಡು ಮಾಗಿದ ಬಾಳೆಹಣ್ಣು ಇಟ್ಟು ಮುಚ್ಚಿ. ಅದರಿಂದ ಹೊರಡುವ ಎಥಿಲೀನ್ ಅನಿಲ ಮಾವನ್ನೂ ಮಾಗಿಸುತ್ತದೆ. ತಡವಾಗಬೇಕಾದದ್ದನ್ನು ತಂಪಾದ, ಗಾಳಿಯಾಡುವ ಕಡೆ ಹರಡಿಡಿ. ಕಾಯಿಯನ್ನು ಮಾತ್ರ ಫ್ರಿಜ್ಜಿಗೆ ಇಡಬೇಡಿ. ಆ ಚಳಿಗೆ ಅದು ಆಮೇಲೆ ಸರಿಯಾಗಿ ಹಣ್ಣಾಗುವುದೇ ಇಲ್ಲ, ಸಿಪ್ಪೆ ಬೂದು ಬಣ್ಣಕ್ಕೆ ತಿರುಗುತ್ತದೆ. ಪೂರ್ತಿ ಹಣ್ಣಾದದ್ದನ್ನು ಇಡಬಹುದು, ನಾಲ್ಕೈದು ದಿನ ತಡೆಯುತ್ತದೆ. ಕಾರ್ಬೈಡ್ ಪುಡಿಯ ಸಲಹೆ ಯಾರು ಕೊಟ್ಟರೂ ಬೇಡ. ಅದರಲ್ಲಿ ಆರ್ಸೆನಿಕ್‌ನಂಥ ವಿಷದ ಅಂಶ ಇರುತ್ತದೆ, ಮಕ್ಕಳು ತಿನ್ನುವ ಹಣ್ಣು ಇದು.

ಮಕ್ಕಳು ಇಡೀ ದಿನ ಮನೆಯಲ್ಲೇ ಎಂದಿದ್ದೀರಿ. ಅವರನ್ನು ಕರೆಯಿರಿ. ನನ್ನ ಚಿಕ್ಕ ಮಗನಿಗೆ ಆರು ವರ್ಷ ಇದ್ದಾಗ ನಾನು ಕೊಟ್ಟಿದ್ದು ಮೂಗಿನ ಕೆಲಸ. ದಿನಾ ಬೆಳಿಗ್ಗೆ ಪೆಟ್ಟಿಗೆ ಮುಂದೆ ಕೂರುತ್ತಿದ್ದ. ಒಂದೊಂದೇ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತೊಟ್ಟಿನ ಗುಳಿಗೆ ಮೂಗು ಒತ್ತಿ ಮೂಸುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು, "ಇದು ಇವತ್ತು", "ಇದು ನಾಳೆ" ಅನ್ನುತ್ತಿದ್ದ. ಪಕ್ಕದಲ್ಲಿ ಅವನ ಅಕ್ಕ ಬುಟ್ಟಿ ಹಿಡಿದು ನಿಲ್ಲುತ್ತಿದ್ದಳು. ಮೂರು ಬುಟ್ಟಿ. ಇವತ್ತು ತಿನ್ನುವುದು, ಇವತ್ತು ಬೇಯಿಸುವುದು, ನಾಳೆ ನೋಡುವುದು. ಒಂದು ದಿನ ಅವನು ನಾಳೆ ಎಂದ ಹಣ್ಣನ್ನು ನಾನು ಇವತ್ತೇ ಹೆಚ್ಚಿದೆ. ಒಳಗೆ ಬಿಳಿ, ಹುಳಿ. ಆಮೇಲೆ ನಾನೂ ಅವನನ್ನೇ ಕೇಳಿ ಹೆಚ್ಚುತ್ತಿದ್ದೆ. ಹದಿನೈದು ನಿಮಿಷದ ಕೆಲಸ ಅದು, ಆದರೆ ಅದರಿಂದ ಆ ದಿನದ ಲೆಕ್ಕ ನನಗೆ ಸಿಗುತ್ತಿತ್ತು. ನಿಮ್ಮ ಯಜಮಾನರು ಕೋಲು ಹಿಡಿಯಲಿ, ತೊಳೆದು ಒರೆಸುವುದು ದೊಡ್ಡ ಮಗುವಿಗಿರಲಿ. ಸಂಜೆ ಆರರ ಮೇಲೆ ಹಣ್ಣಿನ ಕೆಲಸ ಇಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಹಂಚುವುದಾದರೆ ಕಾಯಿಯಾಗಿದ್ದಾಗಲೇ ಹಂಚಿ. ಇವತ್ತೇ ತಿನ್ನಬೇಕಾದ ಹತ್ತು ಹಣ್ಣು ಕೊಟ್ಟರೆ ಪಕ್ಕದ ಮನೆಯವರಿಗೂ ಅದೇ ಪಜೀತಿ. ಬಲಿತ ಕಾಯಿ ಕೊಟ್ಟು, "ಒಂದು ವಾರ ಬಿಟ್ಟು ನೋಡಿ" ಅಂದರೆ ಅವರೂ ನೆಮ್ಮದಿಯಾಗಿ ತಿನ್ನುತ್ತಾರೆ.

ಉಳಿಸಿಡಲು ನನ್ನ ಮೊದಲ ಆಯ್ಕೆ ಫ್ರೀಜರ್. ತಿರುಳು ತೆಗೆದು, ರುಬ್ಬಿ, ಅರ್ಧ ಲೀಟರಿನಷ್ಟು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ ಹೆಪ್ಪುಗಟ್ಟಿಸಿ. ಆಮೇಲೆ ಪುಸ್ತಕದಂತೆ ನಿಲ್ಲಿಸಿಡಬಹುದು, ಜಾಗ ಉಳಿಯುತ್ತದೆ. ಬಾಯಿ ಕಟ್ಟುವಾಗ ಎರಡು ಬೆರಳಿನಷ್ಟು ಖಾಲಿ ಬಿಡಿ, ನೀರಿನಂಶ ಗಟ್ಟಿಯಾದಾಗ ಹಿಗ್ಗುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಮುಂದಿನ ಫಸಲಿನವರೆಗೂ ಇರುತ್ತದೆ. ಇದಕ್ಕೆ ಚೆನ್ನಾಗಿ ಮಾಗಿದ ಹಣ್ಣೇ ಬೇಕು.

ಆದರೆ ತಿರುಳನ್ನು ಸುಮ್ನೆ ಕುದಿಸಿ ಬಾಟಲಿಗೆ ತುಂಬಿ ಕಪಾಟಿನಲ್ಲಿ ಇಡಬೇಡಿ. ಒಂದು ವರ್ಷ ನಾನು ಹನ್ನೆರಡು ಬಾಟಲಿ ತುಂಬಿಟ್ಟಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಮುಚ್ಚಳ ಉಬ್ಬಿತು, ತೆಗೆದರೆ ಬುಸ್ ಎಂದು ನೊರೆ. ಅಷ್ಟನ್ನೂ ಚೆಲ್ಲಿದೆ. ಬೇಡ ಅನ್ನಲು ಇನ್ನೂ ದೊಡ್ಡ ಕಾರಣ ಹುಳಿಯ ಲೆಕ್ಕ. ಅದನ್ನು ಅಳೆಯುವುದು ಪಿಎಚ್‌ನಲ್ಲಿ, ಹುಳಿ ಹೆಚ್ಚಿದಷ್ಟೂ ಆ ಅಂಕಿ ಇಳಿಯುತ್ತದೆ. ಆಹಾರದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಮಾತ್ರ ಬಾಟ್ಯುಲಿಸಂ ಎಂಬ ಜೀವಕ್ಕೇ ಅಪಾಯವಾದ ವಿಷ ತರುವ ಸೂಕ್ಷ್ಮಜೀವಿ ಬೆಳೆಯುವುದಿಲ್ಲ. ಪೂರ್ತಿ ಮಾಗಿದ ಮಾವಿನಲ್ಲಿ ಹುಳಿ ಕಡಿಮೆಯಾಗಿ, ಕೆಲವು ಹಣ್ಣು ಆ ಗೆರೆಯ ಹತ್ತಿರಕ್ಕೇ ಬಂದಿರುತ್ತದೆ. ಅಂಥ ಬಾಟಲಿ ಉಬ್ಬದೆಯೂ ಕೆಟ್ಟಿರಬಹುದು. ನೋಡಿ, ಮೂಸಿ ತಿಳಿಯುವುದಿಲ್ಲ.

ಜಾಮ್ ಮಾಡುವಾಗ ಮೂರು ಪಾಲು ಹಣ್ಣಿಗೆ ಒಂದು ಪಾಲು ದೋರೆಗಾಯಿ ಸೇರಿಸಿ. ಜಾಮ್ ಗಟ್ಟಿ ಕೂರುವುದು ಪೆಕ್ಟಿನ್‌ನಿಂದ, ಅದು ತೀರಾ ಮಾಗಿದ ಹಣ್ಣಿನಲ್ಲಿ ಕಡಿಮೆಯಾಗಿರುತ್ತದೆ. ತಿರುಳಿನ ತೂಕಕ್ಕೆ ಮುಕ್ಕಾಲರಿಂದ ಸಮ ಸಕ್ಕರೆ, ಕಿಲೋಗೆ ಎರಡು ನಿಂಬೆಹಣ್ಣಿನ ರಸ. ಒಂದು ಸಲಕ್ಕೆ ಎರಡು ಕಿಲೋ ತಿರುಳಿಗಿಂತ ಹೆಚ್ಚು ಬೇಡ. ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿದರೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟ ತಣ್ಣನೆ ತಟ್ಟೆಗೆ ಒಂದು ಹನಿ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲೆ ಕೆನೆಯಂತೆ ಸುಕ್ಕು ಬಂದರೆ ಒಲೆ ಆರಿಸಿ.

ಬಿಸಿಲು ಚೆನ್ನಾಗಿದ್ದರೆ ತಿರುಳನ್ನು ಒಣಗಿಸಿ ಮಾಂಬಳ ಮಾಡಿ. ಎಣ್ಣೆ ಸವರಿದ ತಟ್ಟೆಗೆ ಅರ್ಧ ಸೆಂಟಿಮೀಟರಿಗಿಂತ ದಪ್ಪ ಬೇಡ, ಮೇಲೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿ. ಎರಡು ಮೂರು ದಿನಕ್ಕೆ ಅಂಚು ತಾನಾಗಿ ಏಳುತ್ತದೆ. ಮಕ್ಕಳು ಆ ಅಂಚನ್ನು ಕಿತ್ತು ತಿನ್ನಲು ಬಂದರೆ ಬೇಡ ಅನ್ನಬೇಡಿ. ಗಾಳಿಗೆ ಬಿದ್ದ ಕಾಯಿ ಇದ್ದರೆ ಹೆಚ್ಚಿ, ತೂಕದ ಐದನೇ ಒಂದು ಪಾಲು ಉಪ್ಪು ಬೆರೆಸಿ ಗಾಜಿನ ಇಲ್ಲವೇ ಪಿಂಗಾಣಿ ಜಾಡಿಗೆ ಹಾಕಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ.

ಪ್ರಶ್ನೆ: ಹೊರಗಿನಿಂದ ಹಣ್ಣು ಚಿನ್ನದಂತೆ ಇರುತ್ತದೆ, ಕತ್ತರಿಸಿದರೆ ಒಳಗೆ ಬಿಳಿ ಹುಳ. ರಂಧ್ರವೇ ಕಾಣುವುದಿಲ್ಲ. ಹುಳ ಎಲ್ಲಿಂದ ಬರುತ್ತದೆ?

ಉತ್ತರ: ಅದು ಹಣ್ಣುನೊಣದ ಮರಿ. ಕಾಯಿ ಬಲಿಯುವ ಹೊತ್ತಿಗೆ ಹೆಣ್ಣುನೊಣ ಸಿಪ್ಪೆಯ ಕೆಳಗೆ ಸೂಜಿಯಂತೆ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದ ಗುರುತು ಸಣ್ಣ ಚುಕ್ಕೆಯಷ್ಟೇ. ಮರಿ ತಿರುಳು ತಿಂದು ದೊಡ್ಡದಾಗಿ, ಹಣ್ಣು ಬಿದ್ದ ಮೇಲೆ ಮಣ್ಣಿಗೆ ಇಳಿದು ಕೋಶವಾಗುತ್ತದೆ. ಅಲ್ಲಿಂದ ಮತ್ತೆ ನೊಣ.

ಹಾಗಾಗಿ ಮದ್ದು ಇರುವುದು ನೆಲದಲ್ಲಿ. ಬಿದ್ದದ್ದನ್ನು ದಿನಾ ಆರಿಸಿ, ಒಂದು ದಿನವೂ ಬಿಡಬೇಡಿ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು, ಒಂದು ವಾರ ಸುಡುಬಿಸಿಲಿನಲ್ಲಿಡಿ. ಇಲ್ಲವೇ ಎರಡು ಅಡಿ ಆಳಕ್ಕೆ ಹೂಳಿ. ಮೇಲೆ ಕೇಳಿದ ತಂಗಿಯೂ ಇದನ್ನು ಓದಲಿ, ಹುಳ ಬಿದ್ದ ಹಣ್ಣನ್ನು ತೆರೆದ ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ನೊಣವನ್ನು ನಾವೇ ಸಾಕಿದಂತೆ. ಮೀಥೈಲ್ ಯುಜಿನಾಲ್ ಹಾಕಿದ ಬಲೆಗಳು ಸಿಗುತ್ತವೆ. ಅವು ಗಂಡುನೊಣವನ್ನು ಸೆಳೆದು ಕೊಲ್ಲುತ್ತವೆ. ಹಣ್ಣು ಕಂಡ ಮೇಲೆ ಕಟ್ಟಿದರೆ ತಡ, ಕೊಯ್ಲಿಗೆ ಒಂದೂವರೆ ತಿಂಗಳು ಮುಂಚೆಯೇ ಕಟ್ಟಿ. ಮರದಲ್ಲೇ ಹಣ್ಣಾಗಲು ಬಿಡದೆ ಬಲಿತ ಕೂಡಲೇ ಇಳಿಸಿದರೂ ಕಾಟ ಕಡಿಮೆಯಾಗುತ್ತದೆ.

ಪ್ರಶ್ನೆ: ನನ್ನ ಏಳು ವರ್ಷದ ಮಗಳು ಹಣ್ಣನ್ನು ಸಿಪ್ಪೆ ಸಮೇತ ಕಚ್ಚಿ ತಿನ್ನುತ್ತಾಳೆ. ಮಾರನೇ ದಿನ ತುಟಿ ಸುತ್ತ ಕೆಂಪು ಗುಳ್ಳೆ, ತುರಿಕೆ. ಮಾವು ಬಿಡಿಸಬೇಕಾ?

ಉತ್ತರ: ಹೆಚ್ಚಾಗಿ ಇದು ಸೊನೆಯ ಕಾಟ. ಮಾವು ಮತ್ತು ಗೇರು ಒಂದೇ ಕುಟುಂಬದ ಮರಗಳು, ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುವಂತೆ ಇದೂ ಕೆಲವರಿಗೆ ಆಗುವುದಿಲ್ಲ. ಅದು ಜಾಸ್ತಿ ಇರುವುದು ತೊಟ್ಟಿನ ಹತ್ತಿರ ಮತ್ತು ಸಿಪ್ಪೆಯಲ್ಲಿ. ಗುಳ್ಳೆ ಪೂರ್ತಿ ಮಾಯುವವರೆಗೆ ಮಾವು ಬೇಡ. ಆಮೇಲೆ ಹಣ್ಣು ತೊಳೆದು, ನೀವೇ ದಪ್ಪಗೆ ಸಿಪ್ಪೆ ತೆಗೆದು, ಚಾಕು ಮತ್ತು ಕೈ ತೊಳೆದು, ಹೋಳು ಮಾಡಿ ಸ್ವಲ್ಪ ಕೊಟ್ಟು ನೋಡಿ. ಕೊಯ್ಲಿನ ಹೊತ್ತು ಅವಳು ಮರದ ಕೆಳಗೆ ನಿಲ್ಲುವುದು ಬೇಡ. ಸಿಪ್ಪೆ ತೆಗೆದ ಹಣ್ಣಿಗೂ ಗುಳ್ಳೆ ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ತುಟಿ ಊದಿಕೊಂಡು ಉಸಿರಾಟಕ್ಕೆ ಕಷ್ಟವಾದರೆ ಒಂದು ಕ್ಷಣವೂ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಹೋದ ವರ್ಷ ಕೊಂಬೆ ಬಾಗುವಷ್ಟು ಬಿಟ್ಟ ಮರದಲ್ಲಿ ಈ ಸಲ ಹತ್ತು ಕಾಯಿಯೂ ಇಲ್ಲ. ಮರಕ್ಕೆ ರೋಗವೇ?

ಉತ್ತರ: ಎಲೆ ಹಸಿರಾಗಿ, ಚಿಗುರು ಚೆನ್ನಾಗಿದ್ದರೆ ರೋಗ ಅಲ್ಲ. ಮಾವಿನ ಎಷ್ಟೋ ತಳಿಗಳು ಒಂದು ವರ್ಷ ತುಂಬಾ ಬಿಟ್ಟು ಮುಂದಿನ ವರ್ಷ ಸುಮ್ಮನಾಗುತ್ತವೆ. ಕಾಯಿಯ ಭಾರ ಹೊತ್ತ ಕೊಂಬೆ ಕೊಯ್ಲಾದ ಮೇಲೆ ಹೊಸ ಚಿಗುರು ಒಡೆಯಬೇಕು, ಆ ಚಿಗುರು ಬಲಿತ ಮೇಲೆಯೇ ಹೂ. ಹಣ್ಣನ್ನು ಕೊನೆಯವರೆಗೂ ಮರದಲ್ಲಿ ಬಿಟ್ಟಷ್ಟೂ ಚಿಗುರುವುದು ತಡವಾಗುತ್ತದೆ. ಮುಂದೆ ತುಂಬಾ ಬಿಟ್ಟ ವರ್ಷ ಕೊನೆಯ ಕಾಯಿ ಇಳಿಸಿದ ವಾರವೇ, ಕಾಯಿ ಇದ್ದ ಕೊಂಬೆಯ ತುದಿಗಳನ್ನು ಸ್ವಲ್ಪ ಸ್ವಲ್ಪ ಕತ್ತರಿಸಿ. ನಡುವೆ ಒತ್ತಾಗಿ ಬೆಳೆದದ್ದನ್ನು ತೆಗೆದು ಬಿಸಿಲು ಒಳಗೆ ಇಳಿಯುವಂತೆ ಮಾಡಿ, ಬುಡಕ್ಕೆ ಒತ್ತದಂತೆ ದೂರದಲ್ಲಿ ಸುತ್ತಲೂ ಗೊಬ್ಬರ ಕೊಡಿ. ಈ ಹತ್ತು ಕಾಯಿಯನ್ನು ಮಾತ್ರ ಉಪ್ಪಿಗೂ ಹಾಕಬೇಡಿ, ಜಾಮಿಗೂ ಹಾಕಬೇಡಿ. ಅಡೆ ಹಾಕಿ, ಹಣ್ಣಾದಂತೆ ಒಂದೊಂದನ್ನು ಎಲ್ಲರೂ ಒಟ್ಟಿಗೆ ಕೂತು ತಿನ್ನಿ.