ಚಕ್ಕುಲಿ ಬರಲಿ, ಕವರ್ ಬೇಡ

ಪ್ರಶ್ನೆ: ಹೊಸನಗರದ ಹತ್ತಿರ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಗಿರಾಕಿಗಳಿಗೆ ಪ್ಲಾಸ್ಟಿಕ್ ಚೀಲ ಕೊಡುವುದನ್ನು ಎಂದೋ ನಿಲ್ಲಿಸಿದ್ದೇವೆ. ಆದರೆ ಮಾಲು ಬರುವುದೇ ಕವರಿನೊಳಗೊಂದು ಕವರ್‌ನಲ್ಲಿ. ಮಾಲು ಹಾಕುವವರಿಗೆ ಹೇಳಿದರೆ ನಗುತ್ತಾರೆ. ನಮ್ಮಂಥವರ ಮಾತು ಯಾರು ಕೇಳುತ್ತಾರೆ?

ಉತ್ತರ: ಎಲ್ಲರೂ ಕೇಳುವುದಿಲ್ಲ. ಚಿಪ್ಸ್, ಶ್ಯಾಂಪೂ ಕಂಪನಿಯ ಸೇಲ್ಸ್‌ಮನ್ ಹತ್ತಿರ ವಾದ ಮಾಡಿ ಸುಮ್ನೆ ಬಾಯಿ ಒಣಗಿಸಿಕೊಳ್ಳಬೇಡಿ. ಪಾಪ, ಆರ್ಡರ್ ಬರೆದುಕೊಳ್ಳುವುದಷ್ಟೇ ಅವನ ಕೆಲಸ. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲಿ ಕ್ಯಾರಿಬ್ಯಾಗ್, ತಟ್ಟೆ, ಲೋಟ ನಿಷೇಧಿಸಿದಾಗಲೂ ತಯಾರಾಗುವ ಜಾಗದಲ್ಲೇ ಸೀಲ್ ಆಗುವ ಪ್ಯಾಕೆಟ್ಟುಗಳನ್ನು ನಿಷೇಧದಿಂದ ಹೊರಗಿಟ್ಟಿದ್ದರು. ಏಜೆನ್ಸಿಯವರು ಬಿಡಿ ಮಾಲು ತುಂಬಿ ಕೊಡುವ ಹೊರಗಿನ ಕವರನ್ನು ಮಾತ್ರ ತಪ್ಪಿಸಬಹುದು. ಖಾಲಿ ರಟ್ಟಿನ ಡಬ್ಬದಲ್ಲಿ ಹಾಕಿ ಕಳಿಸಿ ಅನ್ನಿ. ಅವರ ಗೋಡೌನಿನಲ್ಲಿ ಅದು ರಾಶಿ ಬಿದ್ದಿರುತ್ತದೆ.

ನಿಮ್ಮ ಮಾತು ನಡೆಯುವುದು ಚಕ್ಕುಲಿ, ಕೋಡುಬಳೆ, ಹಪ್ಪಳ ಮಾಡಿಕೊಡುವ ಊರಿನವರ ಹತ್ತಿರ. ನಾನು ಸಾಗರದಲ್ಲಿ 22 ವರ್ಷ ಅಂಗಡಿ ನಡೆಸಿದವಳು. ನಮಗೆ ಚಕ್ಕುಲಿ ಕೊಡುತ್ತಿದ್ದ ಹೆಂಗಸಿಗೆ ಒಂದು ದಿನ ಕಾಫಿ ಕೊಟ್ಟು, ಹಸು ಪ್ಲಾಸ್ಟಿಕ್ ತಿನ್ನುವ ಕಥೆಯೆಲ್ಲ ಹೇಳಿದೆ. ಹೌದೌದು ಅಂದಳು. ಮುಂದಿನ ವಾರ ಅದೇ ಕಾಲು ಕಿಲೋ ಕವರುಗಳು, ಅವುಗಳ ಮೇಲೊಂದು ದೊಡ್ಡ ಕವರ್! ಯಾಕೆ ಅಂತ ಕೇಳಿದ್ದಕ್ಕೆ ಹೇಳಿದಳು: "ಅಕ್ಕಾ, ಮೆತ್ತಗಾದ್ರೆ ನೀವೇ ವಾಪಸ್ ಕೊಡ್ತೀರಿ. ಆಮೇಲೆ ನಾನೇನು ಮಾಡ್ಲಿ?"

ಸರಿಯಾಗಿಯೇ ಕೇಳಿದ್ದಳು, ಅಲ್ವಾ? ಮಾರಿದ ಮೇಲೆ ದುಡ್ಡು, ಉಳಿದದ್ದು ವಾಪಸ್ ಎನ್ನುವುದು ನಾನೇ ಮಾಡಿದ್ದ ಪದ್ಧತಿ. ಅದನ್ನು ಬಿಟ್ಟೆ. ತಂದ ದಿನವೇ ದುಡ್ಡು, ಮೆತ್ತಗಾದರೆ ನಷ್ಟ ನನ್ನದು ಅಂದೆ. ಬಿಗಿ ಮುಚ್ಚಳದ ನಾಲ್ಕು ಡಬ್ಬ ಕೊಂಡೆ. ಎರಡು ಅವಳ ಮನೆಯಲ್ಲಿ, ಎರಡು ಅಂಗಡಿಯಲ್ಲಿ. ತುಂಬಿದ್ದು ಇಳಿಸಿ, ಖಾಲಿಯದ್ದು ಒಯ್ಯುವುದು. ಗೋಲಿ ಸೋಡಾದವರು ಬಾಟ್ಲಿಗೆ ಮಾಡುತ್ತಿದ್ದದ್ದೂ ಇದನ್ನೇ. ಅವಳಿಗೆ ಕವರಿನ ಖರ್ಚು ಉಳಿಯಿತು. ರಾತ್ರಿ ಕೂತು ಮೇಣದಬತ್ತಿ ಉರಿಯಲ್ಲಿ ಕವರಿನ ಬಾಯಿ ಅಂಟಿಸುವ ಕೆಲಸವೂ ತಪ್ಪಿತು. ಅವಳಿಗೆ ಹೆಚ್ಚು ಖುಷಿಯಾದದ್ದು ಅದೇ.

ಮೊದಲ ತಿಂಗಳು ಒಂದು ಕಿಲೋ ಕೋಡುಬಳೆ ಮೆತ್ತಗಾಯಿತು. ಮನೆಯವರಿಗೆ ತಿನ್ನಿಸಿದೆ. ಆಮೇಲೆ ಎರಡು ಡಬ್ಬ ಒಟ್ಟಿಗೆ ತೆರೆಯುವುದನ್ನು ಬಿಟ್ಟೆ. ಡಬ್ಬ ತೊಳೆಯುವುದು ಯಾರು ಅಂತ ಸಣ್ಣ ಜಗಳವೂ ಆಯಿತು. ಎಣ್ಣೆ ಜಿಡ್ಡಿನ ಹಳೇ ವಾಸನೆ ಹೊಸ ತಿಂಡಿಗೆ ಹತ್ತುತ್ತದೆ. ಕೊನೆಗೆ ನಾನೇ ತೊಳೆದು, ಬಿಸಿಲಿಗೆ ಒಣಗಿಸಿ ಕೊಡುತ್ತಿದ್ದೆ.

ಗಿರಾಕಿಗೆ ತೂಗಿ ಕೊಡುವಾಗ ಹಳೇ ಪೇಪರಿನಲ್ಲಿ ಕಟ್ಟಬೇಡಿ. ಅದರ ಶಾಯಿ ತಿಂಡಿಗೆ ಹತ್ತುತ್ತದೆ, ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೂಡ ಬೇಡ ಅಂದಿದೆ. ಅಚ್ಚಿಲ್ಲದ ಕಾಗದದ ಪೊಟ್ಟಣ ಸಾಕು. ಡಬ್ಬ ತಂದವರಿಗೆ ನಾನು ಒಂದು ಚಕ್ಕುಲಿ ಜಾಸ್ತಿ ಹಾಕುತ್ತಿದ್ದೆ.

ಇನ್ನು ಮಳೆಗಾಲ. ಜೂನ್ ಬಂತೆಂದರೆ ನಮ್ಮ ಕಡೆ ಉಪ್ಪೂ ನೀರಾಗುತ್ತದೆ, ನಿಮಗೆ ನಾನು ಹೇಳಬೇಕೇ! ಮಳೆ ಮುಗಿಯುವವರೆಗೆ ನಾನೂ ಕವರನ್ನೇ ತೆಗೆದುಕೊಳ್ಳುತ್ತಿದ್ದೆ, ಆದರೆ ಹೊರಗಿನ ದೊಡ್ಡ ಕವರ್ ಇಲ್ಲದೆ, ಬಟ್ಟೆ ಚೀಲದಲ್ಲಿ. ದೀಪಾವಳಿ ಹೊತ್ತಿಗೆ ಡಬ್ಬಗಳು ಅಟ್ಟದಿಂದ ಇಳಿಯುತ್ತಿದ್ದವು.