ಬಾಯಲ್ಲಿ ಉತ್ತರವಿದ್ದೂ ಹಾಳೆ ಖಾಲಿ ಬಿಟ್ಟ ವಿದ್ಯಾರ್ಥಿನಿ: ಒಂದು ಆಪ್ತಸಲಹೆ ಪ್ರಕರಣ

ಕೇಳಿದ ಪ್ರಶ್ನೆಗೆ ಬಾಯಲ್ಲಿ ಸೊಗಸಾಗಿ ಉತ್ತರ ಹೇಳುವ, ಓರಗೆಯವರಿಗೆ ಪಾಠವನ್ನು ಬಿಡಿಸಿ ತಿಳಿಸುವ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ನಾಲ್ಕು ಸಾಲು ಬರೆದು ಪೆನ್ನು ಕೆಳಗಿಡುವ ಸಮಸ್ಯೆ ಹೆಚ್ಚುಕಡಿಮೆ ಪ್ರತಿ ವರ್ಷವೂ ನನ್ನ ಮುಂದೆ ಬರುತ್ತದೆ. ಮನೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ, ಕಾಲೇಜಿನವರು ಮೊಬೈಲಿನ ಚಟ ಎನ್ನುತ್ತಾರೆ. ಎಷ್ಟೋ ಸಲ ಅವರ ಮಾತು ನಿಜವೂ ಆಗಿರುತ್ತದೆ. ಆದರೆ ಕಲಬುರಗಿಯ ಹಾಸ್ಟೆಲುಗಳಲ್ಲಿದ್ದು ಓದುವ ಹಳ್ಳಿಯ ಮಕ್ಕಳಲ್ಲಿ ಇದಕ್ಕೆ ಇನ್ನೊಂದು ಕಾರಣವನ್ನೂ ನಾನು ಕಂಡಿದ್ದೇನೆ, ಅದನ್ನು ಹೇಳುವುದಕ್ಕಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು ಮತ್ತು ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆಕೆಯನ್ನು ಮಹಾದೇವಿ ಎಂದು ಕರೆಯೋಣ. ಬಿ.ಎ. ಎರಡನೆಯ ವರ್ಷ, ಐಚ್ಛಿಕ ಕನ್ನಡ. ತಂದೆಗೆ ತೊಗರಿ ಬೆಳೆಯುವ ಸ್ವಲ್ಪ ಜಮೀನಿದೆ, ತಾಯಿ ಓದಿದವರಲ್ಲ. ಆಂತರಿಕ ಪರೀಕ್ಷೆಗಳಲ್ಲಿ ಬಹುತೇಕ ಖಾಲಿ ಹಾಳೆ ಕೊಟ್ಟು ಬಂದಿದ್ದರಿಂದ ಉಪನ್ಯಾಸಕರೊಬ್ಬರು ಆಕೆಯನ್ನು ನನ್ನ ಬಳಿಗೆ ಕಳುಹಿಸಿದರು. ಇಂಥ ಸಂದರ್ಭದಲ್ಲಿ ಮೊದಲು ನೋಡಬೇಕಾದುದನ್ನು ನೋಡಿದೆ. ನಿದ್ರೆ, ಊಟ, ದಿನಚರಿ ನೆಟ್ಟಗಿದ್ದವು. ಬದುಕು ಸಾಕೆಂಬ ಮಾತು ಎಲ್ಲಿಯೂ ಸುಳಿಯಲಿಲ್ಲ. ಕಲಿಕಾ ನ್ಯೂನತೆ ಇರಬಹುದೇ ಎಂಬ ಪ್ರಶ್ನೆಯೂ ಇತ್ತು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ, ಆದ್ದರಿಂದ ಅದನ್ನು ಪರಿಶೀಲಿಸದೆ ಮುಂದೆ ಹೋಗುವುದು ಸರಿಯಲ್ಲ. ಮಹಾದೇವಿ ಅಪರಿಚಿತ ಪುಟವನ್ನು ಎಲ್ಲಿಯೂ ತಡವರಿಸದೆ ಓದಿದಳು, ಹೇಳಿ ಬರೆಸಿದ್ದನ್ನು ತಪ್ಪಿಲ್ಲದೆ ಬರೆದಳು. ಕಷ್ಟ ಇದ್ದದ್ದು ಸ್ವಂತ ವಾಕ್ಯ ಬರೆಯುವಾಗ ಮಾತ್ರ.

ಏಳನೆಯ ತರಗತಿಯಿಂದಲೂ ತನ್ನಷ್ಟಕ್ಕೆ ಏನಾದರೂ ಬರೆದುಕೊಳ್ಳುವ ರೂಢಿ ತನಗಿತ್ತೆಂದೂ, ಈಗ ಒಂದು ವರ್ಷದಿಂದ ಅದು ನಿಂತಿದೆಯೆಂದೂ ಆಕೆ ಮಾತಿನ ನಡುವೆ ಹೇಳಿದಳು. ಮುಂದಿನ ಸಲ ಬರುವಾಗ ಹಳೆಯ ಬರಹ ಇದ್ದರೆ ತರುವಂತೆ ಕೇಳಿದೆ. ಆಕೆ ಒಂದು ನೋಟ್‌ಬುಕ್ ಮತ್ತು ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ತಂದಳು. ನೋಟ್‌ಬುಕ್ಕಿನಲ್ಲಿ ಅಜ್ಜ ತೀರಿಕೊಂಡ ದಿನದ ಬಗ್ಗೆ ಎರಡು ಪುಟಗಳ ಬರಹವಿತ್ತು. ಅದರ ಮೊದಲ ಸಾಲುಗಳು ಹೀಗಿದ್ದವು: ‘ಮುತ್ಯಾ ತೀರಿಹೋದ ದಿನ ಅವ್ವ ಒಲಿ ಹಚ್ಚಲಿಲ್ಲ. ಬಾಜೂ ಮನಿಯವರು ಬುತ್ತಿ ತಂದ್ರು. ಯಾರೂ ಉಣಲಿಲ್ಲ.’

ಸಂಚಿಕೆಗೆ ಕೊಡುವ ಮುನ್ನ ತಿದ್ದಿಸಿಕೊಳ್ಳಲೆಂದು ಆಕೆ ಅದನ್ನು ಅಧ್ಯಾಪಕರೊಬ್ಬರಿಗೆ ತೋರಿಸಿದ್ದಳು. ಅವರು ‘ಮುತ್ಯಾ’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ತಾತ’ ಎಂದು ಬರೆದಿದ್ದರು. ‘ಅವ್ವ’ ಹೋಗಿ ‘ತಾಯಿ’ ಬಂದಿತ್ತು, ‘ಒಲಿ’ ಒಲೆಯಾಗಿತ್ತು, ‘ಬಾಜೂ ಮನಿ’ ನೆರೆಮನೆಯಾಗಿತ್ತು, ‘ಉಣಲಿಲ್ಲ’ ಎಂಬುದು ‘ಭೋಜನ ಸ್ವೀಕರಿಸಲಿಲ್ಲ’ ಎಂದಾಗಿತ್ತು. ಅಂಚಿನಲ್ಲಿ ‘ಗ್ರಾಮ್ಯ, ಶುದ್ಧ ಕನ್ನಡದಲ್ಲಿ ಬರೆ’ ಎಂಬ ಸೂಚನೆ. ತಿದ್ದಿದವರ ಉದ್ದೇಶ ಒಳ್ಳೆಯದೇ ಇತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮಹಾದೇವಿ ಹೇಳಿದಂತೆಯೇ ಬರೆದುಕೊಟ್ಟಳು, ಬರಹ ಅಚ್ಚಾಯಿತು, ಎಲ್ಲರೂ ಹೊಗಳಿದರು. ಅಂದರೆ ಆಕೆಯ ಬರವಣಿಗೆ ನಿಂತದ್ದು ಬೈಗುಳದಿಂದಲ್ಲ, ಹೊಗಳಿಕೆ ಸಿಕ್ಕ ಮೇಲೆ. ಏಕೆ ಹೀಗಾಯಿತು ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಆಕೆ ಹೇಳಿದ ಮಾತನ್ನು ಅಂದೇ ಬರೆದಿಟ್ಟುಕೊಂಡೆ.

‘ಮನ್ಯಾಗ ಆಡೋ ಮಾತು ಬರದ್ರ ತಪ್ಪ್ ಅಂತಾರ್ರಿ ಮೇಡಂ. ಪುಸ್ತಕದ ಮಾತು ಬರದ್ರ ನನಗೇ ಸುಳ್ಳ್ ಅನಸ್ತದ. ಅಚ್ಚಾದದ್ದು ಓದಿದೆ ನೋಡ್ರಿ, ಅದ್ರಾಗ ತೀರಿಹೋದಾಂವ ನಮ್ಮ ಮುತ್ಯಾ ಅಲ್ಲ, ಯಾರೋ ತಾತ.’

ಇಷ್ಟು ಹೇಳಿ ಆಕೆ ಅತ್ತಳು. ಅಜ್ಜನಿಗಾಗಿ ಅಷ್ಟು ಅತ್ತದ್ದು ಅದೇ ಮೊದಲು ಎಂದು ಆಮೇಲೆ ಹೇಳಿದಳು. ಪೆನ್ನು ಹಿಡಿದಾಗಲೆಲ್ಲ ಆಕೆಯ ಮನಸ್ಸು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿತ್ತು. ಹೇಳಬೇಕಾದುದು ಮನೆಯ ಮಾತಿನಲ್ಲಿ ಮೂಡುತ್ತಿತ್ತು, ಅದು ಕೈಗೆ ಇಳಿಯುವ ಮೊದಲೇ ತಪ್ಪೋ ಒಪ್ಪೋ ಎಂಬ ಪರೀಕ್ಷೆ ನಡೆಯುತ್ತಿತ್ತು. ಇತಿಹಾಸದ ಉತ್ತರಕ್ಕೂ ಛಂದಸ್ಸಿನ ಉತ್ತರಕ್ಕೂ ಅದೇ ಪರೀಕ್ಷೆ. ಸಮಯ ಅದರಲ್ಲಿಯೇ ಮುಗಿದುಹೋಗುತ್ತಿತ್ತು.

ನಮ್ಮ ಭಾಗದ ಮಾತಿನಲ್ಲಿ ಉರ್ದು, ಮರಾಠಿ, ತೆಲುಗು ಸೇರಿಕೊಂಡಿರುವುದು ಯಾರ ಅಜ್ಞಾನದಿಂದಲೂ ಅಲ್ಲ. 1948ರ ಸೆಪ್ಟೆಂಬರಿನವರೆಗೆ ಕಲಬುರಗಿ ನಿಜಾಮರ ಆಡಳಿತದಲ್ಲಿತ್ತು. ಕಚೇರಿಯ ಭಾಷೆ ಉರ್ದುವಾಗಿತ್ತು. ಕನ್ನಡನಾಡಿನ ಉಳಿದ ಭಾಗಗಳೊಂದಿಗೆ ನಾವು ಒಂದೇ ರಾಜ್ಯವಾಗಿ ಕೂಡಿದ್ದು 1956ರ ನವೆಂಬರ್ 1ರಂದು. ಪಠ್ಯಪುಸ್ತಕದ ಕನ್ನಡವೋ ಬಹುಮಟ್ಟಿಗೆ ಹಳೆ ಮೈಸೂರು ಕಡೆಯ ಬಳಕೆಗೆ ಹತ್ತಿರವಾದುದು. ನಮ್ಮ ಮಕ್ಕಳು ಅದನ್ನು ಕಲಿಯುತ್ತಾರೆ, ಕಲಿಯಲೇಬೇಕು. ಆದರೆ ಕಲಿಸುವಾಗ ಅವರ ಮನೆಯ ಮಾತನ್ನು ಕೊಳೆಯೆಂಬಂತೆ ಕಂಡರೆ ಮಗು ತನ್ನ ಅವ್ವನ ಬಾಯಿಯ ಬಗ್ಗೆಯೇ ನಾಚಿಕೆಪಡಲು ಕಲಿಯುತ್ತದೆ. ಇದು ನನ್ನ ಗಟ್ಟಿ ನಂಬಿಕೆ, ಮಹಾದೇವಿಗೆ ಕೊಟ್ಟ ಸಲಹೆಯೆಲ್ಲ ಇದರಿಂದಲೇ ಬಂದದ್ದು.

ಮೊದಲ ಸಲಹೆ ಅಜ್ಜನ ಕುರಿತಾದದ್ದು. ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ನಿಲ್ಲಿಸದೆ ಬರೆಯಬೇಕು. ಮನೆಯಲ್ಲಿ ಆಡುವಂತೆಯೇ ಬರೆಯಬೇಕು. ಯಾರಿಗೂ, ನನಗೂ, ತೋರಿಸಬೇಕಾಗಿಲ್ಲ. ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ತಮ್ಮ ಸಹೋದ್ಯೋಗಿಯೊಂದಿಗೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ಇದೇ ಬಗೆಯಲ್ಲಿ ಬರೆಸಿದ್ದರು. ಬರೆದ ಕೂಡಲೇ ಮನಸ್ಸು ಭಾರವಾದರೂ, ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆಯಾಗಿತ್ತು. ನಂತರದ ಅಧ್ಯಯನಗಳು ಈ ಪರಿಣಾಮ ಸಾಧಾರಣ ಪ್ರಮಾಣದ್ದೆಂದು ತೋರಿಸಿವೆ, ಆದ್ದರಿಂದ ಇದನ್ನು ರಾಮಬಾಣವೆಂದು ನಾನು ಹೇಳುವುದಿಲ್ಲ. ಆದರೆ ಈ ವಿಧಾನದಲ್ಲಿ ಕೊಡುವ ಸೂಚನೆಗಳಲ್ಲಿ ಕಾಗುಣಿತ, ವ್ಯಾಕರಣಗಳನ್ನು ಲೆಕ್ಕಿಸಬೇಡಿ ಎಂಬುದೂ ಒಂದು. ಮಹಾದೇವಿಗೆ ಬೇಕಾಗಿದ್ದದ್ದು ಆ ಅನುಮತಿಯೇ.

ಎರಡನೆಯದು ಓದಿನ ಬಗ್ಗೆ. ಆಕೆಯ ಮುತ್ಯಾ ಭಜನೆಯಲ್ಲಿ ತತ್ವಪದ ಹಾಡುತ್ತಿದ್ದವರು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಪದಗಳು ಅಚ್ಚಾಗಿ ಗ್ರಂಥಾಲಯದಲ್ಲಿವೆ, ತಂದು ಗಟ್ಟಿಯಾಗಿ ಓದು ಎಂದೆ. ತಾನು ಮನೆಯ ಕಟ್ಟೆಯ ಮೇಲೆ ಕೇಳಿದ ಮಾತು ಪುಸ್ತಕದಲ್ಲಿಯೂ ಇದೆಯೆಂಬುದನ್ನು ಆಕೆ ಕಣ್ಣಾರೆ ಕಾಣಬೇಕಿತ್ತು. ನಮ್ಮದೇ ಸೇಡಂ ತಾಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗದಲ್ಲಿ, ಕನ್ನಡದ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ದೋಷ ಇಷ್ಟೇ ಎಂದು ಎಣಿಸಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಎಂಬ ಮಾತಿದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿನಿಯಾದ ಆಕೆ ಆ ಪದ್ಯವನ್ನು ಅಂಕಗಳಿಗಾಗಿ ಬಾಯಿಪಾಠ ಮಾಡಿದ್ದಳು. ಅದು ತನ್ನ ಬಗ್ಗೆಯೂ ಹೇಳಿದ ಮಾತು ಎಂದು ಆಕೆಗೆ ಯಾರೂ ತೋರಿಸಿರಲಿಲ್ಲ.

ಮೂರನೆಯದು ಪರೀಕ್ಷೆಯ ತಯಾರಿಯದು. ಉತ್ತರವನ್ನು ಮೊದಲು ಬಂದ ಮಾತಿನಲ್ಲಿಯೇ ಬರೆದುಬಿಡು, ಮರುದಿನ ಅದನ್ನು ಪರೀಕ್ಷೆಯ ಕನ್ನಡಕ್ಕೆ ತಿರುಗಿಸು, ಎರಡನ್ನೂ ಒಂದೇ ಕ್ಷಣದಲ್ಲಿ ಮಾಡಬೇಡ ಎಂದು ಹೇಳಿದೆ. ಇದನ್ನು ಕೇಳಿ, ಆಕೆಯನ್ನು ನನ್ನ ಬಳಿಗೆ ಕಳುಹಿಸಿದ್ದ ಉಪನ್ಯಾಸಕರು ನನ್ನ ಮೇಲೆ ಬೇಸರಪಟ್ಟರು. ಮೌಲ್ಯಮಾಪಕರು ‘ಹೋಗ್ಯಾರ’, ‘ಬಂದಾರ’ ಎಂಬುದಕ್ಕೆ ಅಂಕ ಕೊಡುವುದಿಲ್ಲ, ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಈ ಹುಡುಗಿ ಏನು ಮಾಡಬೇಕು, ನೀವು ಭಾಷಾ ಅಧ್ಯಾಪಕರಲ್ಲ ಎಂದರು. ಅವರ ಕಾಳಜಿ ನ್ಯಾಯವಾದದ್ದು. ಸಂವಿಧಾನದ 371ಜೆ ವಿಧಿಯಡಿ ಈ ಭಾಗದವರಿಗೆ ಮೀಸಲಾದ ಹುದ್ದೆಗಳಿಗೂ ಬರವಣಿಗೆಯನ್ನು ದಾಟಿಯೇ ಹೋಗಬೇಕು. ಆದರೆ ಮನೆಯ ಮಾತನ್ನು ಉತ್ತರಪತ್ರಿಕೆಯಲ್ಲಿ ಹಾಗೆಯೇ ಉಳಿಸು ಎಂದು ನಾನು ಹೇಳಿರಲಿಲ್ಲ. ಖಾಲಿ ಹಾಳೆಯನ್ನು ಯಾವ ಅಧ್ಯಾಪಕರೂ ತಿದ್ದಲಾರರು. ಬರೆದದ್ದನ್ನು ತಿದ್ದಬಹುದು.

ತಿದ್ದುವವರಿಗೆ ನನ್ನದೊಂದು ಕೋರಿಕೆಯಿದೆ. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು, ಒತ್ತಕ್ಷರದ ತಪ್ಪು ತಪ್ಪೇ, ಅದನ್ನು ಹೊಡೆಯಿರಿ. ‘ಬಾಜೂ ಮನಿ’ ಆ ಬಗೆಯ ತಪ್ಪಲ್ಲ. ಅದನ್ನು ಹೊಡೆಯದೆ, ಪರೀಕ್ಷೆಯಲ್ಲಿ ‘ಪಕ್ಕದ ಮನೆ’ ಎಂದು ಬರೆ ಎಂದು ಬದಿಗೆ ಸೂಚಿಸಿದರೆ ಸಾಕು. ಇನ್ನು ಮಗು ತನ್ನ ಅಜ್ಜನ ಬಗ್ಗೆ ಬರೆದ ಸ್ವಂತ ಬರಹದಲ್ಲಿ ಮುತ್ಯಾನನ್ನು ಮುತ್ಯಾ ಆಗಿಯೇ ಇರಲು ಬಿಡಿ. ಖಾಲಿ ಹಾಳೆ ಕೊಡುವ ಎಲ್ಲರ ಕಾರಣವೂ ಇದೇ ಎಂದು ಮಾತ್ರ ತಿಳಿಯಬೇಡಿ. ನಿದ್ರೆ, ಹಸಿವು, ಆಸಕ್ತಿ ಎರಡು ವಾರ ಮೀರಿ ಕುಂದಿದ್ದರೆ ಮನೋವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಲು ಹಣ ಬೇಕಾಗಿಲ್ಲ.

ಮಹಾದೇವಿಯ ಮುಂದಿನ ಆಂತರಿಕ ಪರೀಕ್ಷೆಯ ಹಾಳೆ ಪೂರ್ತಿ ತುಂಬಿರಲಿಲ್ಲ, ಖಾಲಿಯೂ ಇರಲಿಲ್ಲ. ಎರಡು ಸಲ ಬರೆಯುವ ಅಭ್ಯಾಸದಿಂದ ಆಕೆಯ ವೇಗ ಕುಗ್ಗಿತು, ಅದು ನಿಜವಾದ ತೊಂದರೆ. ಆದ್ದರಿಂದ ಈಗ ಇಡೀ ಉತ್ತರದ ಬದಲು ಅದರ ಮುಖ್ಯ ಅಂಶಗಳನ್ನಷ್ಟೇ ಹಾಳೆಯ ಕೊನೆಯ ಪುಟದಲ್ಲಿ ಮನೆಯ ಮಾತಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡು, ಬಳಿಕ ಪರೀಕ್ಷೆಯ ಕನ್ನಡದಲ್ಲಿ ಬಿಡಿಸಿ ಬರೆಯುವುದನ್ನು ರೂಢಿಸಿಕೊಳ್ಳುತ್ತಿದ್ದಾಳೆ. ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬರೆಸುವ ಹೊಣೆಯನ್ನು, ನನ್ನ ಮೇಲೆ ಬೇಸರಪಟ್ಟಿದ್ದ ಅದೇ ಉಪನ್ಯಾಸಕರು ವಹಿಸಿಕೊಂಡಿದ್ದಾರೆ.