ಅಜ್ಜಿಯ ಸರದಲ್ಲಿ 916 ಯಾಕಿಲ್ಲ?

ದಾವಣಗೆರೆ ಮಂಡಿಪೇಟೆಯ ಮೂರು ತಲೆಮಾರಿನ ಅಂಗಡಿಯಲ್ಲಿ ಅಜ್ಜಿ 1985ರಲ್ಲಿ ಕೊಂಡ ಗುಂಡಿನ ಸರದಲ್ಲಿ ಎರಡಕ್ಷರದ ಮುದ್ರೆ ಮಾತ್ರ ಇದೆ, 22 ಕ್ಯಾರೆಟ್ ಚಿನ್ನಕ್ಕೆ ಹಾಕುವ 916 ಇಲ್ಲ, ಮೋಸವಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ಮೋಸ ಅನ್ನಲಾಗದು ಸರ್. 916 ಬರುವುದು ಹಾಲ್‌ಮಾರ್ಕಿನಲ್ಲಿ, ಅಂದರೆ ಶುದ್ಧತೆ ಪರೀಕ್ಷಿಸಿ ಹಾಕುವ ಮುದ್ರೆಯಲ್ಲಿ; ನಮ್ಮಲ್ಲಿ ಚಿನ್ನಕ್ಕೆ ಅದು ಶುರುವಾಗಿದ್ದೇ 2000ದಲ್ಲಿ. ಅದಕ್ಕೂ ಮುಂಚೆ ಅಂಗಡಿಯ ಮುದ್ರೆಯೇ ಗ್ಯಾರಂಟಿ. ಅಪ್ಪ ಮಾರಿದ ಒಡವೆಯನ್ನು ಮಗ ತಕರಾರಿಲ್ಲದೆ ವಾಪಸ್ ತಗೊಂಡರೆ ಅಂಗಡಿಯ ಹೆಸರು ಉಳಿಯುತ್ತಿತ್ತು.

ಹಾಗಾಗಿ ಮೊದಲು ಆ ಅಂಗಡಿಗೇ ಹೋಗಿ. ಆಮೇಲೆ ಹಾಲ್‌ಮಾರ್ಕಿಂಗ್ ಸೆಂಟರಿನಲ್ಲಿ ಪರೀಕ್ಷೆ ಮಾಡಿಸಿ: ಗುಂಡಿನ ಮೇಲೊಂದು ಸಲ, ಕೊಂಡಿಯ ಬೆಸುಗೆ ಹತ್ತಿರ ಒಂದು ಸಲ. ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಜಾಸ್ತಿ ಇರುತ್ತದೆ, ಅಲ್ಲಿ ಶುದ್ಧತೆ ಕಡಿಮೆ ಬರುವುದು ಸಹಜ. ಗುಂಡಿನೊಳಗೆ ಅರಗು ಇದ್ದರೆ ಅದರ ತೂಕ ಕಳೆಯುತ್ತಾರೆ. ಹಾಲ್‌ಮಾರ್ಕ್ ಇಲ್ಲ ಅಂತ ಯಾರಾದರೂ ಅರ್ಧ ಬೆಲೆ ಹೇಳಿದರೆ ಸುಮ್ನೆ ಎದ್ದು ಬನ್ನಿ. ಹಾಲ್‌ಮಾರ್ಕ್ ಕಡ್ಡಾಯ ಇರುವುದು ಒಡವೆ ಮಾರುವ ಅಂಗಡಿಯವರಿಗೆ, ನಿಮಗಲ್ಲ.